ದೊಡವಾಡದ ಐದು ಎಮ್ಮೆ

ಜನವರಿ 9, ಬೆಳಿಗ್ಗೆ 10:20. ಅಂದಾನೆಪ್ಪ ಇಪ್ಪತ್ತು ಮಂದಿಯನ್ನು ಕಟ್ಟಿಕೊಂಡು ದೊಡವಾಡ ಠಾಣೆಗೆ ನುಗ್ಗಿದ. ಹದಿನೈದು ದಿನದಲ್ಲಿ ಊರಿನ ಐದು ಎಮ್ಮೆ ಸತ್ತಿದ್ದವು. ದೂರು ದನಗಳಿಗೆ ನಾಟಿ ಔಷಧ ಕೊಡುವ ಮುದುಕಿ ಮಾಯವ್ವನ ಮೇಲೆ.

"ಆಕಿ ಕಾಲಿಟ್ಟ ಮನ್ಯಾಗೆಲ್ಲಾ ಎಮ್ಮಿ ಸತ್ತಾವ್ರಿ. ಮಾಟಾ ಮಾಡ್ತಾಳ. ಇವತ್ತ ಊರ ಬಿಡಸ್ರಿ, ಇಲ್ಲಾಂದ್ರ ನಾವ ಬಿಡಸ್ತೀವಿ."

ಪಿಎಸ್‌ಐ ಅನ್ನಪೂರ್ಣಾ ಪೆನ್ನು ಕೆಳಗಿಟ್ಟಳು.

"ಆಕಿ ಬಂದಾಗ ನಿಮ್ಮ ಎಮ್ಮಿ ಆರಾಮ ಇತ್ತೇನ್ರಿ?"

"ಇಲ್ರಿ. ಜೊಲ್ಲು ಸುರಿಸ್ಕೋತ ಬಿದ್ದಿತ್ತು. ಅದಕ್ಕ ಕರಸಿದ್ವಿ."

"ಜಡ್ಡಾತು ಅಂತ ಆಕಿ ಬಂದಾಳ. ಆಕಿ ಬಂದ್ಲು ಅಂತ ಜಡ್ಡಾಗಿಲ್ಲ. ಇಷ್ಟು ಮಂದಿಯೊಳಗ ಒಬ್ಬರಿಗೂ ಇದು ಹೊಳೀಲಿಲ್ಲ?"

ಈ ಗುಂಪಿನ ಬುದ್ಧಿ ಕಂಡು ಅವಳಿಗೆ ಹೇಸಿಗೆಯಾಯಿತು. ಎಮ್ಮೆಗಳ ಸಾವಿನ ಬಗ್ಗೆ ಅಪರಿಚಿತರ ವಿರುದ್ಧ ಎಫ್‌ಐಆರ್ ದಾಖಲಿಸಿ, ಮಾಯವ್ವನ ಮನೆಗೆ ಕಾವಲು ಹಾಕಿಸಿದಳು.

ಮಧ್ಯಾಹ್ನ ಕಾನ್ಸ್‌ಟೇಬಲ್ ಬಾಳೇಶನೊಂದಿಗೆ ಐದೂ ಮನೆ ತಿರುಗಿದಳು. ಮೇವು ಬೇರೆ, ನೀರು ಬೇರೆ. ಒಂದು ಮನೆಗಂತೂ ಮಾಯವ್ವ ಹೋಗಿಯೇ ಇರಲಿಲ್ಲ. ಅಲ್ಲಿ ಎಮ್ಮೆ ಸತ್ತ ದಿನ ಅವಳು ರಾಮದುರ್ಗದಲ್ಲಿ ಮಗಳ ಬಳಿ ಇದ್ದಳು. ಐದೂ ಕಡೆ ಕೂಡಿಬಂದದ್ದು ಒಂದೇ: ಸಾಯುವ ಹಿಂದಿನ ದಿನ, ಮೊದಲು ಊರಿನ ದನಗಳಿಗೆ ಔಷಧ ಕೊಡುತ್ತಿದ್ದ ರೈತ ಶಟ್ಟೆಪ್ಪ ತಾನಾಗಿ ಬಂದು ಜಂತಿನ ಔಷಧವೆಂದು ಬೆಲ್ಲದುಂಡೆ ತಿನ್ನಿಸಿದ್ದ.

ಅಂದಾನೆಪ್ಪನ ಕೊಟ್ಟಿಗೆಯಲ್ಲಿ ಇನ್ನೊಂದು ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು.

"ಅದ ಮೇವು, ಅದ ನೀರು. ಇದಕ್ಕ ಯಾಕ ಏನೂ ಆಗಲಿಲ್ಲ?"

"ಗಬ್ಬ ಐತ್ರಿ. ಉಂಡಿ ತಿನ್ನಸೂದು ಬ್ಯಾಡ ಅಂದ್ಲು ನನ್ನ ಹೇಣ್ತಿ."

ಬಾಳೇಶ ಹುರುಪಾದ. "ಶಟ್ಟೆಪ್ಪನ್ನ ಎತ್ತಾಕ್ಕೊಂಡ ಬರ್ಲೇನ್ರಿ ಮೇಡಂ?"

"ಇವರಂಗ ನಾವೂ ಜಿಗಿಯೂದು ಬ್ಯಾಡ. ಹೊಟ್ಟ್ಯಾಗ ಏನಿತ್ತು ಅನ್ನೂದು ಗೊತ್ತಾಗಲಿ."

ಪಶುವೈದ್ಯರು ಐದರಲ್ಲಿ ಕೊನೆಯದಾಗಿ ಸತ್ತ ಎಮ್ಮೆಯನ್ನು ಹೂತಲ್ಲಿಂದ ತೆಗೆಸಿ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಜನವರಿ 23ಕ್ಕೆ ವರದಿ ಬಂತು: ಬೆಳೆಗೆ ಹೊಡೆಯುವ ಕೀಟನಾಶಕ. ಅಂದೇ ಪಂಚರ ಎದುರು ಶಟ್ಟೆಪ್ಪನ ಮನೆ ಶೋಧಿಸಿದಾಗ, ಅದೇ ಕೀಟನಾಶಕದ ವಾಸನೆ ಹೊಡೆಯುವ ಮೂರು ಬೆಲ್ಲದುಂಡೆ ಸಿಕ್ಕವು. ಪಂಚನಾಮೆ ಮುಗಿಸಿ ಸಂಜೆ 4:40ಕ್ಕೆ ಅವನನ್ನು ಬಂಧಿಸಿದರು.

ಬಾಗಿಲಲ್ಲಿ ನಿಂತಿದ್ದ ಅಂದಾನೆಪ್ಪ ಅಂದ, "ನಮಗ ಮೊದಲಿಂದ ಇವನ ಮ್ಯಾಲ ಸಂಶೇ ಇತ್ರಿ."

ಅನ್ನಪೂರ್ಣಾ ಶಟ್ಟೆಪ್ಪನನ್ನು ಜೀಪು ಹತ್ತಿಸಿದಳು.

ಠಾಣೆಯಲ್ಲಿ ಶಟ್ಟೆಪ್ಪ ತಲೆ ತಗ್ಗಿಸಿ ಕುಳಿತ. "ಮೂವತ್ತ ವರ್ಷ ಊರಿಗೆ ನಾನ ದನದ ಡಾಕ್ಟರ್ ಇದ್ದೆರಿ. ಆಕಿ ಬಂದ ಮ್ಯಾಲ ಒಬ್ಬರೂ ನನ್ನ ಕರೀಲಿಲ್ಲ. ಎಮ್ಮಿ ಸತ್ರ ಹೆಸರು ಆಕಿಗೇ ಬರ್ತೈತಿ ಅಂತ ಗೊತ್ತಿತ್ತು."

"ಉದ್ಯೋಗ?" ಬಂಧನದ ಪತ್ರ ತುಂಬುತ್ತ ಅನ್ನಪೂರ್ಣಾ ಕೇಳಿದಳು.

ಅವನು ಆಸೆಯಿಂದ ತಲೆಯೆತ್ತಿದ. "ದನದ ಡಾಕ್ಟರ್ ಅಂತ ಬರಕೋರಿ."

ಅನ್ನಪೂರ್ಣಾ 'ಒಕ್ಕಲುತನ' ಎಂದು ಬರೆದು, ಸಹಿಗೆ ಕಾಗದ ಮುಂದೆ ಸರಿಸಿದಳು.