ಧೂಳಿಲ್ಲದ ಕಲ್ಬತ್ತು

ಮಂಗಳವಾರ ಮಧ್ಯಾಹ್ನ 12.10ಕ್ಕೆ ಠಾಣೆಗೆ ದೂರು ಬಂತು. ದೂರುದಾರ, ಹಾಸಿಗೆ ಹಿಡಿದಿದ್ದ ನಿವೃತ್ತ ಬಸ್ ಚಾಲಕನ ಮಗ. ಅಪ್ಪನನ್ನು ತನ್ನ ಊರಿಗೆ ಕರೆದೊಯ್ಯಲು ವ್ಯಾನ್ ತಂದಿದ್ದ. ಹತ್ತಕ್ಕೆ ಬಂದು ನೋಡಿದರೆ ಅಪ್ಪನಿಗೆ ಪ್ರಜ್ಞೆಯಿಲ್ಲ, ಉಸಿರು ನಿಂತು ನಿಂತು ಬರುತ್ತಿತ್ತು. ನೋವಿನ ಮಾತ್ರೆ ಹೆಚ್ಚಾಗಿದೆ ಎಂದರು ಆಸ್ಪತ್ರೆಯವರು. ಮಗ ಬೊಟ್ಟು ಮಾಡಿದ್ದು ಹಗಲು ಬರುವ ನರ್ಸಮ್ಮನ ಕಡೆಗೆ. ಎಫ್‌ಐಆರ್ ದಾಖಲಾಯಿತು.

"ಎಷ್ಟು ಮಾತ್ರೆ ಕೊಟ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದೂ ಇಲ್ಲ ಮೇಡಂ. ನಾನು ಹೋಗಿದ್ದೇ ಒಂಬತ್ತಕ್ಕೆ. ಇವತ್ತಿಂದು ಕೊಟ್ಟಾಯ್ತು, ಮಲಗಿರ್ಲಿ ಅಂದ್ರು ಅವರ ತಮ್ಮ."

"ಅವರು ನೀವೇ ಕೊಟ್ಟಿದ್ದು ಅಂತಾರೆ."

ನರ್ಸಮ್ಮ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡಳು. "ಈ ಹೆಸರು ಅಂಟಿದ್ರೆ ಇನ್ಯಾರು ನನ್ನನ್ನ ಮನೆಯೊಳಗೆ ಬಿಟ್ಕೋತಾರೆ?"

ಚಾಲಕನ ಆ ತಮ್ಮ, ನಿವೃತ್ತ ಕಾಂಪೌಂಡರ್. ಮನೆಯವರು ಕರೆಯುತ್ತಿದ್ದುದು 'ಅರ್ಧ ಡಾಕ್ಟ್ರು' ಎಂದು. ನಾಲ್ಕು ವರ್ಷದಿಂದ ಅಣ್ಣನ ಜೊತೆ ಅವನೊಬ್ಬನೇ.

2.30ಕ್ಕೆ ಮನೆಯಲ್ಲಿ ಪಂಚನಾಮೆ. ಹತ್ತು ಮಾತ್ರೆಯ ಪಟ್ಟಿ, ದಿನಕ್ಕೊಂದು, ಇವತ್ತಿಗೆ ಆರನೇ ದಿನ, ಉಳಿದದ್ದು ನಾಲ್ಕು.

"ಲೆಕ್ಕ ಸರಿಯಾಗಿದೆ ಮೇಡಂ," ಎಂದ ಮೀಸೆಯ ಕಾನ್‌ಸ್ಟೆಬಲ್. "ಒಂದೇ ಮಾತ್ರೆಗೆ ಈ ಪಾಡಾ?"

ಕಪಾಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: 'ಪುಡಿ ಮಾಡಬೇಡಿ. ಇಡಿಯಾಗಿ ನುಂಗಿಸಿ.' ಕೆಳಗೆ ಎರಡು ಗೆರೆ.

"ಯಾರು ಬರೆದಿದ್ದು?"

"ನಾನೇ, ನರ್ಸಮ್ಮನಿಗೆ ಅಂತ," ಎಂದ ಅರ್ಧ ಡಾಕ್ಟ್ರು, ತುಸು ಹೆಮ್ಮೆಯಿಂದ.

ಪಕ್ಕದ ಗಾಜಿನ ಕಪಾಟಿನಲ್ಲಿ ಅವನ ಹಳೆಯ ತಕ್ಕಡಿ, ಬಣ್ಣದ ಸೀಸೆಗಳು, ಎಲ್ಲದರ ಮೇಲೂ ಧೂಳು. ನಡುವೆ ಔಷಧಿ ಅರೆಯುವ ಪಿಂಗಾಣಿ ಕಲ್ಬತ್ತು ಮಾತ್ರ ಫಳಫಳ ಹೊಳೆಯುತ್ತಿತ್ತು. ಇನ್‌ಸ್ಪೆಕ್ಟರ್ ಅದನ್ನು ಬರೆಸಿಕೊಂಡರು.

5.00 ಗಂಟೆ, ಆಸ್ಪತ್ರೆ. ವೈದ್ಯೆಯ ಮುಂದೆ ಎರಡು ರಕ್ತಪರೀಕ್ಷೆಯ ವರದಿಗಳಿದ್ದವು.

"ಇದು ನಿಧಾನಕ್ಕೆ ಕರಗೋ ಮಾತ್ರೆ. ಇಡಿಯಾಗಿ ನುಂಗಿದ್ರೆ ದಿನವಿಡೀ ಸ್ವಲ್ಪ ಸ್ವಲ್ಪ ರಕ್ತಕ್ಕೆ ಸೇರುತ್ತೆ. ಹನ್ನೊಂದಕ್ಕೂ ಮೂರಕ್ಕೂ ಹೆಚ್ಚುಕಮ್ಮಿ ಒಂದೇ ಮಟ್ಟ ಇರ್ಬೇಕಿತ್ತು. ಇಲ್ಲಿ ಹನ್ನೊಂದಕ್ಕೇ ತುತ್ತತುದಿಗೇರಿತ್ತು. ಆಮೇಲೆ ಇಳೀತಿದೆ."

"ಅಂದ್ರೆ?"

"ಅರೆದು ಕೊಟ್ಟಿದ್ದಾರೆ. ದಿನದ ಔಷಧಿ ಒಂದೇ ಸಲ ನುಗ್ಗಿದೆ. ಬೇರೆಯವರಾದ್ರೆ ಮೂರ್ನಾಲ್ಕು ಗಂಟೆಗೊಮ್ಮೆ ಅರ್ಧರ್ಧ ಆಗ್ತಾ ಹೋಗೋದು. ಇವರ ಕಿಡ್ನಿ ಸೋತಿದೆ, ಒಳಗೆ ಹೋಗಿದ್ದು ಬೇಗ ಹೊರಗೆ ಬರಲ್ಲ."

"ಇದು ಮನೇಲಿ ಗೊತ್ತಿತ್ತಾ?"

"ಕಿಡ್ನಿ ವರದಿ ಮಗನ ಫೋನಿಗೆ ಹೋದ ವಾರ ಕಳಿಸಿದ್ವಲ್ಲ."

6.20ಕ್ಕೆ ಮತ್ತೆ ಅದೇ ಮನೆ.

"ಕಲ್ಬತ್ತು ಯಾಕೆ ತೊಳೆದ್ರಿ?"

ಅರ್ಧ ಡಾಕ್ಟ್ರು ಗಾಜಿನ ಕಪಾಟಿನ ಕಡೆ ತಿರುಗಿದ. "ಅರೆದ ಮೇಲೆ ತೊಳೆದಿಡೋದು... ಮೂವತ್ತು ವರ್ಷದ ಅಭ್ಯಾಸ."

6.45ಕ್ಕೆ ಬಂಧನ. ನರ್ಸಮ್ಮನಿಗೆ ಮನೆಗೆ ಹೋಗಲು ಹೇಳಿದರು.

ಹೇಳಿಕೆ ಚಿಕ್ಕದು. ಅಣ್ಣ ಸಾಯಲೆಂದು ಕೊಟ್ಟದ್ದಲ್ಲ. ಅವನು ಸಂಜೆಯವರೆಗೆ ಮಲಗಿದರೆ ವ್ಯಾನ್ ಖಾಲಿ ಹಿಂತಿರುಗುತ್ತದೆ ಎಂಬ ಲೆಕ್ಕ. ಕಿಡ್ನಿಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ.

"ನರ್ಸಮ್ಮನ ತಲೆಗೆ ಯಾಕೆ ಕಟ್ಟಿದ್ರಿ?"

"ಹೆದರಿಬಿಟ್ಟೆ. ನಾಲ್ಕು ವರ್ಷ ಮೈ ಒರೆಸಿದ್ದು ನಾನು ಮೇಡಂ. ಕರ್ಕೊಂಡು ಹೋಗ್ಲಾ ಅಂತ ಅಣ್ಣನ ಮಗ ನನ್ನನ್ನ ಒಂದು ಮಾತು ಕೇಳ್ಲಿಲ್ಲ." ಪೆನ್ನು ಹಿಡಿದು ತಲೆಯೆತ್ತಿದ. "ಈಗ ರಕ್ತದಲ್ಲಿ ಎಷ್ಟಕ್ಕೆ ಇಳಿದಿದೆ?"

ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಫೋನ್ ಮಾಡಿ ಕೆಳಗಿಟ್ಟರು. "ಕಣ್ಣು ಬಿಟ್ಟಿದ್ದಾರೆ. ನಮ್ಮ ಅರ್ಧ ಡಾಕ್ಟ್ರು ಎಲ್ಲಿ ಅಂತ ಕೇಳ್ತಿದ್ದಾರಂತೆ."

ಅವನು ಸಹಿ ಹಾಕಿದ. ವೇಳೆಯ ಜಾಗ ಖಾಲಿ ಬಿಟ್ಟು ಪೆನ್ನು ಕೆಳಗಿಟ್ಟ. ಇನ್‌ಸ್ಪೆಕ್ಟರೇ ಗೋಡೆ ಗಡಿಯಾರ ನೋಡಿ ಬರೆದರು: 7.35.