ಹಳದಿ ಬಲ್ಬಿನ ಕೆಳಗೆ

ಬೋಟಿನಲ್ಲಿ ದಿನವೂ ಟಿಕೆಟ್ ಹರಿಯುವವನು ಅವತ್ತು ರಜೆ ಹಾಕಿ ಪ್ರಯಾಣಿಕನಾಗಿ ಕೂತಿದ್ದ. ಆದರೂ ಕೈ ಸುಮ್ಮನಿರಬೇಕಲ್ಲ! ಅವಳು ಪಕ್ಕದಲ್ಲಿ ಬಂದು ಕೂತಿದ್ದೇ ತಡ, ಅಂಗೈ ಚಾಚಿದ.

"ಟಿಕೆಟ್ ತೋರ್ಸಿ, ಡಾಕ್ಟ್ರಮ್ಮ."

"ರಜೆ ದಿನಾನೂ ಇದೇ ಚಟಾನಾ?"

"ನಿಮ್ಮನ್ನ ಮಾತಾಡ್ಸೋಕೆ ಬೇರೆ ನೆಪ ಸಿಗ್ಲಿಲ್ಲ."

ಹಾಗೆಂದು ಅವನು ಓರೆಗಣ್ಣಿನಲ್ಲಿ ನೋಡಿದ. ಅವಳು ನಗುವನ್ನು ತುಟಿಯಲ್ಲೇ ಕಚ್ಚಿಕೊಂಡು ನೀರಿನ ಕಡೆ ತಿರುಗಿದಳು. ಬೇರೆ ದಿನವಾಗಿದ್ದರೆ ಈ ಒಂದು ಮಾತಿಗೇ ಅವಳ ವಾರವೆಲ್ಲ ಬೆಳಗುತ್ತಿತ್ತು. ಇವತ್ತು ಎದೆಯೊಳಗೆ ಮುಳ್ಳು ಆಡಿದಂತಾಯಿತು.

ಅವಳು ನಿಜವಾಗಿ ಡಾಕ್ಟರೇನೂ ಅಲ್ಲ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಆದರೂ ಊರಿಗೆಲ್ಲ ಅವಳು ಡಾಕ್ಟ್ರಮ್ಮ, ಅವನು ಟಿಕೆಟ್ಟು. ಎದುರು ಬೆಂಚಿನಲ್ಲಿ ಅವಳ ಗೆಳತಿ, ಔಷಧಿ ಅಂಗಡಿಯ ಪಟಾಕಿ. ಬಾಯಿ ತೆರೆದರೆ ಸದ್ದು ನಿಲ್ಲದ್ದಕ್ಕೆ ಆ ಹೆಸರು. ಪಕ್ಕದಲ್ಲಿ ಪಟಾಕಿಯ ಗಂಡ, ಡ್ರಾಯಿಂಗ್ ಮೇಷ್ಟ್ರು. ಮದುವೆಯಾದ ಮೇಲೆ ಬಾಯಿ ತೆರೆಯುವ ಗೋಜಿಗೇ ಹೋಗದ ಮನುಷ್ಯ.

"ಇವತ್ತು ಮಹಾನಗರವನ್ನೆಲ್ಲ ಸುತ್ತಬೇಕು," ಎಂದಳು ಪಟಾಕಿ. "ಆರು ಗಂಟೆ ಬೋಟಿಗೆ ವಾಪಸ್ಸು. ಕಾಲು ನೋವು ಅಂದವರನ್ನ ಅಲ್ಲೇ ಬಿಟ್ಟು ಬರ್ತೀನಿ."

"ಹಂಗಾದ್ರೆ ನಾನು ಈಗ್ಲೇ ಹೇಳ್ಬಿಡ್ತೀನಿ," ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಒಂದು ಕ್ಷಣ ತಡವಾಗಿ.

ನಗರ ಹತ್ತಿರವಾಯಿತು. ಮೊದಲು ಹೊಗೆ, ಆಮೇಲೆ ಕ್ರೇನುಗಳು, ಆಮೇಲೆ ಒಂದರ ಹೆಗಲ ಮೇಲೊಂದು ನಿಂತ ಕಟ್ಟಡಗಳು. ಇಳಿಯುವಲ್ಲಿ ಗೋಡೆಗೆ ದೊಡ್ಡ ನೋಟೀಸು ಅಂಟಿಸಿದ್ದರು. ಬಂದರಿನ ಬೋಟು ನಡೆಸುವ ಕೆಲಸಕ್ಕೆ ಅರ್ಜಿ, ಇಂದು ಐದು ಗಂಟೆಗೆ ಕೊನೆ. ಟಿಕೆಟ್ಟು ಅದರ ಮುಂದೆ ನಿಂತು ಓದಿದ. ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ನಿಂತ. "ನಡೀರಿ, ನಡೀರಿ," ಎಂದು ತಾನೇ ಮುಂದೆ ಹೊರಟ.

ಅವಳ ಕಾಲು ಮಾತ್ರ ಅಲ್ಲೇ ನೆಟ್ಟುಹೋಗಿತ್ತು.

ಊರು ಬಿಟ್ಟು ನಗರದಲ್ಲೇ ಇರಬೇಕಾದ ಆ ಕೆಲಸಕ್ಕೆ ಅವನು ಮೂರು ತಿಂಗಳ ಹಿಂದೆಯೇ ಅರ್ಜಿ ಹಾಕಿದ್ದ. ಹನ್ನೆರಡು ವರ್ಷ ಟಿಕೆಟ್ ಹರಿದವನಿಗೆ ಚುಕ್ಕಾಣಿ ಹಿಡಿಯುವ ಆಸೆ. ಬಂದರಿನಲ್ಲಿ ಕೆಂಪು, ಹಸಿರು ದೀಪ ನೋಡಿಕೊಂಡೇ ಬೋಟು ನಡೆಸಬೇಕು. ಅದಕ್ಕೆ ಬಣ್ಣ ಗುರುತಿಸುವ ಪರೀಕ್ಷೆಯ ಸರ್ಟಿಫಿಕೇಟು ಬೇಕು. ಅದಕ್ಕೆಂದು ಅವನು ಅವಳ ಅಂಗಡಿಗೆ ಬಂದದ್ದು ಕೆಲಸ ಮುಗಿಸಿ, ಕತ್ತಲಾದ ಮೇಲೆ. ಅಂಗಡಿಯ ಟ್ಯೂಬ್‌ಲೈಟ್ ಕೆಟ್ಟಿತ್ತು. ಅವಳು ಹಳದಿ ಬಲ್ಬಿನ ಕೆಳಗೇ ಚುಕ್ಕಿಚುಕ್ಕಿ ಅಂಕಿಗಳ ಪುಸ್ತಕ ತೆರೆದಳು. ಅವನು ನಾಲ್ಕು ಪುಟ ತಪ್ಪಿದ. ಅವಳು 'ಅನರ್ಹ' ಎಂದು ಬರೆದು ಸಹಿ ಹಾಕಿದಳು.

ಮರುದಿನ ಪುಸ್ತಕ ಒರೆಸುವಾಗ ರಟ್ಟಿನ ಮೇಲಿನ ಸಾಲು ಕಣ್ಣಿಗೆ ಬಿತ್ತು: ಹಗಲು ಬೆಳಕಿನಲ್ಲಿ ಮಾತ್ರ ಬಳಸಿ. ಓದುವಾಗ ಕಲಿತದ್ದೇ, ಮರೆತಿದ್ದಳು. ಸಂಜೆ ಅದೇ ಬಲ್ಬಿನ ಕೆಳಗೆ ತಾನೇ ಕೂತು ನೋಡಿದಳು. ತನಗೇ ಮೂರು ಪುಟ ಕಾಣಲಿಲ್ಲ.

ಫೋನ್ ಎತ್ತಿಕೊಂಡದ್ದೂ ನಿಜ. ಅಷ್ಟರಲ್ಲಿ ಅವನೇ ಬಾಗಿಲಲ್ಲಿ ನಿಂತಿದ್ದ. ಕೆಂಪಗಾದ ಕಣ್ಣು, ಬಲವಂತದ ನಗೆ. "ಹೋಗ್ಲಿ ಬಿಡಿ ಡಾಕ್ಟ್ರಮ್ಮ, ಇಲ್ಲೇ ಇರ್ತೀನಿ. ದಿನಾ ನಿಮ್ಮ ಅಂಗಡಿ ಮುಂದೇನೇ ಓಡಾಡ್ಕೊಂಡಿರ್ತೀನಿ," ಎಂದಿದ್ದ. ದಿನಾ ಎಂಬ ಆ ಮಾತಿಗೆ ಅವಳು ಸೋತಳು. ಫೋನ್ ಕೆಳಗಿಟ್ಟಳು. ಮಾಡಿದ್ದು ತಪ್ಪು, ಮುಚ್ಚಿಟ್ಟದ್ದು ಪಾಪ. ಅಂದಿನಿಂದ ಅವನ ಒಂದೊಂದು ನಗೆಯೂ ಅವಳಿಗೆ ಕದ್ದ ಮಾಲಿನಂತೆ ಕಾಣುತ್ತಿತ್ತು.

ನಗರದ ರಸ್ತೆಗಳಲ್ಲಿ ಪಟಾಕಿ ಮುಂದೆ, ಮೇಷ್ಟ್ರು ಅವಳ ಹಿಂದೆ, ಇವರಿಬ್ಬರು ಕೊನೆಗೆ. ಗಾಜಿನ ಕಮಾನಿನ ಮಾರುಕಟ್ಟೆ ನೋಡಿದರು, ಎತ್ತರದ ಗಡಿಯಾರದ ಕೆಳಗೆ ಫೋಟೊ ತೆಗೆಸಿಕೊಂಡರು. ದೊಡ್ಡ ಸಿಗ್ನಲ್ಲಿನ ಹತ್ತಿರ ಟಿಕೆಟ್ಟು ಗಕ್ಕನೆ ನಿಂತು ಅವಳ ತೋಳಿನ ತುದಿ ಹಿಡಿದ.

"ದಾಟ್ಬಹುದಾ?"

"ಹಸಿರು ಬಿದ್ದಿದೆಯಲ್ಲ."

"ನಂಗೂ ಹಂಗೇ ಕಾಣ್ತು. ಆದ್ರೂ ಕೇಳೋದು ಒಳ್ಳೇದು ನೋಡಿ."

"ಅಯ್ಯೋ, ತೋಳು ಹಿಡಿಯೋಕೆ ಎಂಥಾ ಉಪಾಯ!" ಎಂದು ರಸ್ತೆಯ ಆಚೆಯಿಂದ ಪಟಾಕಿ ಕೂಗಿದಳು.

ಅದು ಉಪಾಯವಾಗಿರಲೆಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಮಧ್ಯಾಹ್ನ ಬಟ್ಟೆ ಅಂಗಡಿಯಲ್ಲಿ ಆ ಆಸೆಯೂ ಮುರಿಯಿತು. ಅವನು ರಾಶಿಯೊಳಗಿಂದ ಒಂದು ಶಾಲು ಎಳೆದು ಅವಳ ಹೆಗಲ ಹತ್ತಿರ ಹಿಡಿದ. ಅವಳ ಕುಪ್ಪಸದ ಹಸಿರು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಕಣ್ಣಲ್ಲಿ ಮಿಂಚು ಬಂತು. ಬಂದಷ್ಟೇ ಬೇಗ ಹೋಯಿತು. ಶಾಲನ್ನು ಮಡಚಿ ವಾಪಸ್ಸಿಟ್ಟ.

"ಯಾಕೆ?"

"ಬಣ್ಣ ಹೊಂದುತ್ತೆ ಅನ್ನಿಸ್ತು. ಆದ್ರೆ ನಂಗೆ ಅನ್ನಿಸಿದ್ದು ಲೆಕ್ಕಕ್ಕಿಲ್ವಲ್ಲ. ಈಗೀಗ ಶರ್ಟು ತಗೊಳ್ಳೋಕೂ ತಂಗೀನ ಕರ್ಕೊಂಡು ಹೋಗ್ತೀನಿ."

ಹೇಳಿದ್ದು ತಮಾಷೆಯಾಗಿಯೇ. ಅವಳ ಕಣ್ಣು ತುಂಬಿತು. ಕಳಿಸಬಾರದೆಂದು ಅವನನ್ನು ಹಿಡಿದಿಟ್ಟುಕೊಂಡಿದ್ದೇನೆ ಎಂದಷ್ಟೇ ಅವಳು ತಿಳಿದಿದ್ದಳು. ಅವನ ಕಣ್ಣುಗಳ ಮೇಲೆ ಅವನಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆಂದು ಗೊತ್ತಿರಲಿಲ್ಲ.

ಅಂಗಡಿಯ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಬಲ್ಬು, ರಟ್ಟಿನ ಮೇಲಿನ ಸಾಲು, ತಾನೇ ತಪ್ಪಿದ ಮೂರು ಪುಟ, ಕೆಳಗಿಟ್ಟ ಫೋನು. ಕೇಳುತ್ತ ಕೇಳುತ್ತ ಅವನ ಮುಖ ನಿಧಾನಕ್ಕೆ ಬೇರೆ ಯಾರದೋ ಮುಖವಾಯಿತು.

"ಮೂರು ತಿಂಗಳು," ಎಂದ ಕೊನೆಗೆ. "ಮೂರು ತಿಂಗಳು ನೀನು ಗೊತ್ತಿದ್ದೂ ನನ್ನ ಮುಖ ನೋಡಿ ನಗ್ತಿದ್ದೆ."

ಅವನು ಅವಳನ್ನು ನೀನು ಎಂದದ್ದು ಅದೇ ಮೊದಲು. ಅವಳು ಎಷ್ಟು ಸಲ ಆಸೆಪಟ್ಟಿದ್ದ ಮಾತು, ಬಂದದ್ದು ಹೀಗೆ.

"ಬೈಯೋದಿದ್ರೆ ಆಮೇಲೆ ಬೈ. ಐದು ಗಂಟೆವರೆಗೂ ಟೈಮಿದೆ. ಬಾ."

ಎರಡು ಬೀದಿ ದಾಟಿ ಸಿಕ್ಕ ಕಣ್ಣಿನ ಡಾಕ್ಟರರ ಬಳಿ ಅವನನ್ನು ಕೂರಿಸಿದಳು. ನರೆತ ಗಡ್ಡದ ಡಾಕ್ಟರು ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಪುಸ್ತಕ ತೆರೆದರು. ಅವಳು ಪರದೆಯಾಚೆ ನಿಂತು ಕೇಳಿದಳು. ಹನ್ನೆರಡು. ಎಂಟು. ಇಪ್ಪತ್ತೊಂಬತ್ತು. ಪ್ರತಿ ಅಂಕಿಗೂ ಅವನ ದನಿ ಗಟ್ಟಿಯಾಗುತ್ತ ಹೋಯಿತು. ಒಂದೂ ತಪ್ಪಲಿಲ್ಲ. ಖುಷಿಗೋ ನಾಚಿಕೆಗೋ ಅವಳಿಗೆ ಅಳು ಬಂತು, ಎರಡಕ್ಕೂ ಇರಬೇಕು.

ಬಂದರಿನ ಕಚೇರಿ ತಲುಪಿದಾಗ ನಾಲ್ಕೂವರೆ. ಪಟಾಕಿ ಮೇಷ್ಟ್ರ ಜೊತೆ ಹೊರಗೆ ಬೆಂಚಿನಲ್ಲಿ ಕೂತಳು. ವಿಷಯ ತಿಳಿದ ಮೇಲೆ ಜನ್ಮದಲ್ಲಿ ಮೊದಲ ಸಲ ಅವಳಿಗೂ ಮಾತು ಸಿಕ್ಕಿರಲಿಲ್ಲ.

ಗುಮಾಸ್ತರು ಹಳೆಯ ಫೈಲು ತೆಗೆದು ಎರಡೂ ಸರ್ಟಿಫಿಕೇಟು ಪಕ್ಕಪಕ್ಕ ಇಟ್ಟರು. "ಇದ್ರಲ್ಲಿ ಅನರ್ಹ, ಇದ್ರಲ್ಲಿ ಅರ್ಹ. ಯಾವುದನ್ನ ನಂಬ್ಲಿ? ಮೊದಲನೇದು ಕೊಟ್ಟವರು ಕಾರಣ ಬರೆದು ವಾಪಸ್ ತಗೋಬೇಕು. ಅವರ ಮೇಲೆ ವಿಚಾರಣೆ ಆಗುತ್ತೆ, ಕಣ್ಣು ಪರೀಕ್ಷೆ ಮಾಡೋ ಪರವಾನಗೀನೂ ಹೋಗಬಹುದು. ಯಾರು ಬರ್ಕೊಡ್ತಾರೆ?"

"ನಾನೇ ಬರ್ಕೊಡ್ತೀನಿ," ಎಂದು ಅವಳು ಕಾಗದ ಎಳೆದುಕೊಂಡಳು.

ಟಿಕೆಟ್ಟು ಬಾಯಿ ತೆರೆದ. ಅವಳು ತಲೆ ಎತ್ತಲಿಲ್ಲ. ಬರೆದು, ಸಹಿ ಹಾಕಿ, ಕೊನೆಗೆ ಇನ್ನೊಂದು ಸಾಲು ಸೇರಿಸಿ ಕೊಟ್ಟಳು. ಗುಮಾಸ್ತರು ಕನ್ನಡಕ ಏರಿಸಿಕೊಂಡು ಜೋರಾಗಿಯೇ ಓದತೊಡಗಿದರು.

"ತಪ್ಪು ಬೆಳಕಿನಲ್ಲಿ ಪರೀಕ್ಷೆ ಮಾಡಿದೆ. ಮರುದಿನವೇ ತಿಳಿದರೂ ತಿಳಿಸಲಿಲ್ಲ. ಸರಿ, ಸಹಿ ಇದೆ. ಕೆಳಗೆ ಇದೇನಮ್ಮ? 'ಇವರು ಊರು ಬಿಟ್ಟು ಹೋದರೆ ನಾನು ಹೇಗಿರಲಿ ಎಂದು ಮುಚ್ಚಿಟ್ಟೆ. ಇವರೆಂದರೆ ನನಗೆ ಪ್ರಾಣ.'" ಅವರು ಕೆಮ್ಮಿದರು. "ಇದು ಆಫೀಸಿಗೆ ಬೇಡಮ್ಮ. ಮೇಲಿನದ್ದು ಸಾಕು."

"ಕಾರಣ ಕೇಳಿದ್ರಲ್ಲ ಸಾರ್," ಎಂದಳು ಅವಳು. "ಇರೋ ಕಾರಣ ಅದೊಂದೇ."

ಗುಮಾಸ್ತರು ಸ್ಕೇಲು ಇಟ್ಟು ಕೆಳಗಿನ ಸಾಲನ್ನು ನೀಟಾಗಿ ಹರಿದು ಬುಟ್ಟಿಯ ಕಡೆ ಕೈ ಚಾಚಿದರು.

"ಸಾರ್, ಅದನ್ನ ಎಸೀಬೇಡಿ," ಎಂದ ಟಿಕೆಟ್ಟು. "ಇಲ್ಲಿ ಕೊಡಿ."

ಆ ಚೂರನ್ನು ಕಿಟಕಿಯ ಹತ್ತಿರ ಒಯ್ದು ಓದಿದ. ಮತ್ತೆ ಓದಿದ. ಮಡಚಿ ಜೇಬಿಗಿಟ್ಟುಕೊಂಡ. ಇದೊಂದು ಸರ್ಟಿಫಿಕೇಟೇ ಬಾಕಿಯಿತ್ತು, ಸೋಮವಾರದಿಂದ ತರಬೇತಿ, ಅಲ್ಲಿಯವರೆಗೆ ನಗರದಲ್ಲೇ ಇದ್ದು ಉಳಿದ ಕಾಗದಪತ್ರ ಮುಗಿಸಬೇಕು ಎಂದರು ಗುಮಾಸ್ತರು. ಅವನು ತಲೆಯಾಡಿಸಿದ.

ಬೋಟಿನವರೆಗೆ ಅವನು ಜೊತೆಗೇ ಬಂದ. ಹಲಗೆಯ ಮೇಲೆ ಕಾಲಿಡುವಾಗ ಅವಳೇ ಕೇಳಿದಳು.

"ತುಂಬಾ ಸಿಟ್ಟಿದೆಯಾ?"

"ಇದೆ. ಇವತ್ತು ನಾಳೆಗೆ ಇಳಿಯೋ ಸಿಟ್ಟಲ್ಲ."

"ಇರ್ಲಿ. ಇರಬೇಕಾದ್ದೇ."

"ಆದ್ರೆ ಸಿಟ್ಟು ಇಳಿಯೋವರೆಗೂ ಒಬ್ನೇ ಕೂತ್ಕೊಂಡಿರೋಕೂ ಆಗಲ್ಲ," ಎಂದ ಅವನು, ಅವಳ ಕಣ್ಣಲ್ಲಿ ಕಣ್ಣಿಟ್ಟು. "ಮುಂದಿನ ಭಾನುವಾರ ಬಾ. ಎದುರಿಗೆ ಕೂರಿಸ್ಕೊಂಡು ಬೈಬೇಕು."