ಮಿಂಚು ತೊಟ್ಟ ಕೋಟು

"ಕಳ್ಳಿ ಎಲ್ಲರ ಕಣ್ಣೆದುರಿಗೇ ನಡ್ಕೊಂಡು ಹೋದ್ಲು. ನಿನ್ನ ಕಾವಲಿನವನು ಬಾಗಿಲು ತೆಗೆದು ಸಲಾಮು ಹೊಡೆದ. ಮೇಲಿಂದ ಚಪ್ಪಾಳೆ ಬೇರೆ! ಇದನ್ನ ಹರಾಜು ಅಂತಾರಾ, ಬೀದಿ ನಾಟಕ ಅಂತಾರಾ?"

"ಮಾತು ಹಿಡಿತದಲ್ಲಿರಲಿ. ಕೋಟನ್ನ ಗಾಜಿನ ಪೆಟ್ಟಿಗೇಲಿ ಇಡೋಣ ಅಂತ ನಾನು ಬಡ್ಕೊಂಡೆ. 'ಬೇಡ, ಜನ ಹತ್ತಿರದಿಂದ ನೋಡ್ಲಿ, ಬೆಲೆ ಏರುತ್ತೆ' ಅಂದೋರು ಯಾರು? ನಮ್ಮಪ್ಪನಾ?"

"ಹೌದಯ್ಯಾ, ನಿಮ್ಮಪ್ಪನೇ! ಅವನೇ ಬಂದು ಕೋಟು ಹೊತ್ಕೊಂಡು ಹೋದ!"

ಇನ್ಸ್‌ಪೆಕ್ಟರು ಮೇಜಿಗೆ ಅಂಗೈ ಅಪ್ಪಳಿಸಿದರು. ಟೀ ಲೋಟ ಎಗರಿ ಕಡತದ ಮೇಲೆ ಮಗುಚಿತು. "ಇಬ್ಬರೂ ಬಾಯಿ ಮುಚ್ಚಿ. ಇದು ಠಾಣೆ, ಸಂತೆ ಅಲ್ಲ. ಇನ್ನೊಂದು ಸಲ ಯಾರಾದ್ರೂ ಅಪ್ಪನ ಸುದ್ದಿ ಎತ್ತಿದ್ರೆ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಸಂಜೆವರೆಗೂ ಕೂರಿಸ್ತೀನಿ."

ಇಬ್ಬರೂ ಕೂತರು. ಕೂಗಾಡುತ್ತಿದ್ದ ಮೊದಲನೆಯವನು ಐವತ್ತು ದಾಟಿದವನು, ಇಸ್ತ್ರಿ ಮುರಿಯದ ಅಂಗಿ ತೊಟ್ಟಿದ್ದ. ಮೂರು ವರ್ಷದ ಹಿಂದೆ ತೀರಿಕೊಂಡ ದೊಡ್ಡ ತಾರೆಯ ಒಬ್ಬನೇ ಮಗ. ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಜನ ಮಾತ್ರ 'ಮಿಂಚು' ಎಂದೇ ಕರೆದರು, ಮಿಂಚು ಎಂದೇ ಹೂಳಿದರು. ಎರಡನೆಯವನು ಹರಾಜು ಕಂಪನಿಯ ಮ್ಯಾನೇಜರು. ಮಿಂಚುವಿನ ಸಹಿ ಇರುವ ಫೋಟೋಗಳು, ಮುತ್ತಿನ ಸರ, ಬಣ್ಣದ ಪೆಟ್ಟಿಗೆ, ಬೂಟು, ಎಲ್ಲವನ್ನೂ ಮಾರಲು ಗುತ್ತಿಗೆ ಹಿಡಿದವನು. ಹರಾಜಿಗೆ ಮೊದಲು ಎರಡು ದಿನ ಸಾರ್ವಜನಿಕರಿಗೆ ಪ್ರದರ್ಶನ. ಎರಡನೆಯ ದಿನ, ಮಂಗಳವಾರ ಮಧ್ಯಾಹ್ನ, ಕೋಟು ಹೋಯಿತು.

ಅದು ಬರಿಯ ಕೋಟಲ್ಲ. ಮಿಂಚುವಿನ ಅತಿ ಹೆಸರಾದ ಚಿತ್ರದ ಕೊನೆಯಲ್ಲಿ ನಾಯಕಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆ ಬೆನ್ನು ತಿರುಗಿಸಿ ನಡೆದು ಹೋಗುತ್ತಾಳೆ. ಒಮ್ಮೆಯೂ ಹಿಂದೆ ನೋಡುವುದಿಲ್ಲ. ಮೈಮೇಲೆ ಬೂದು ಬಣ್ಣದ ಉದ್ದ ಕೋಟು. ಆ ಬೆನ್ನು ನೋಡಿ ಅಳದವರೇ ಇಲ್ಲ ಎಂದು ಹೇಳುತ್ತಾರೆ. ಇನ್ಸ್‌ಪೆಕ್ಟರು ಅತ್ತಿರಲಿಲ್ಲ. ಅವರಿಗೆ ಸಿನಿಮಾ ಎಂದರೆ ಗಲಾಟೆ ಬಂದೋಬಸ್ತು, ಅಷ್ಟೇ.

"ಮುತ್ತಿನ ಸರ ಹೋಗಿಲ್ಲ?"

"ಇಲ್ಲ," ಎಂದ ಮ್ಯಾನೇಜರು.

"ಸಹಿ ಮಾಡಿದ ಫೋಟೋಗಳು? ಜೇಬಿಗೆ ಹಾಕ್ಕೊಳ್ಳೋಕೆ ಅವೇ ಸುಲಭ."

"ಒಂದೂ ಅಲುಗಾಡಿಲ್ಲ."

"ಮುತ್ತು ಬಿಟ್ಟು ಬಟ್ಟೆ ಕದಿಯೋ ಕಳ್ಳಿ. ಚಳಿಯಾಗಿತ್ತೇನೋ," ಎಂದು ಹಿಂದಿನಿಂದ ಹೆಡ್ ಕಾನ್‌ಸ್ಟೆಬಲ್ ಗೊಣಗಿದ. ಠಾಣೆಯಲ್ಲಿ ಅವನಿಗೆ 'ಟಾಕೀಸು' ಎಂದು ಹೆಸರು. ಡ್ಯೂಟಿಯಲ್ಲಿ ಕಾಣದಿದ್ದರೆ ಯಾವುದಾದರೂ ಚಿತ್ರಮಂದಿರದಲ್ಲಿ ಹುಡುಕಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟು ಮಗನನ್ನು ಕೇಳಿದರು: "ಅಷ್ಟು ಬೇಕಾದ ಕೋಟು ಮಾರೋದ್ಯಾಕೆ?"

"ಬೀರು ತೆಗೆದಾಗಲೆಲ್ಲ ಅಮ್ಮ ಬೆನ್ನು ತಿರುಗಿಸಿ ನಿಂತ ಹಾಗೆ ಕಾಣುತ್ತೆ. ನಾನು ಚಿಕ್ಕೋನಿದ್ದಾಗ ನೋಡಿದ್ದೂ ಅದನ್ನೇ. ಕಾರು ಹತ್ತೋ ಬೆನ್ನು. ಹಾಸ್ಟೆಲ್ ಗೇಟು ದಾಟೋ ಬೆನ್ನು." ನಂತರ ದನಿ ತಗ್ಗಿಸಿದ. "ಆದ್ರೆ ಆ ಸೀನು ಬೇರೆ. ಅದರಲ್ಲಿ ಅವಳ ಬಲಗೈ ನೋಡಿ. ಬೆರಳು ಮಡಚಿರುತ್ತೆ, ಮಗುವಿನ ಕೈ ಹಿಡಿದ ಹಾಗೆ. 'ನೀನು ಪಕ್ಕದಲ್ಲಿದ್ದೀಯ ಅಂದ್ಕೊಂಡೇ ನಡೆದೆ ಕಣೋ' ಅಂತ ಅಮ್ಮ ನನಗೆ ಹೇಳಿದ್ಲು. ನನಗೆ ಅಂತ ಅವಳು ಕೊಟ್ಟಿದ್ದು ಅದೊಂದೇ."

ಇನ್ಸ್‌ಪೆಕ್ಟರು ಕಡತ ಮುಚ್ಚಿದರು. ಇಂಥ ಮಾತಿಗೆ ಎಫ್‌ಐಆರಿನಲ್ಲಿ ಜಾಗವಿರುವುದಿಲ್ಲ.

ಹರಾಜು ಸಭಾಂಗಣದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಕೆಂಪು ಹಗ್ಗದ ಹಿಂದೆ ಮರದ ಬೊಂಬೆ ಬರಿಮೈಯಲ್ಲಿ ನಿಂತಿತ್ತು. ಕಾಲಬುಡದಲ್ಲಿ ಚೀಟಿ: 'ಕೊನೆಯ ದೃಶ್ಯದಲ್ಲಿ ಮಿಂಚು ತೊಟ್ಟ ಕೋಟು.' ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಸಹಿ ಮಾಡಿದ ಫೋಟೋಗಳ ಸಾಲು. ಎಲ್ಲದರಲ್ಲೂ ಅದೇ ಮುಖ, ಅದೇ ನಗು, ಕೆಳಗೆ ಬಳ್ಳಿಯ ಹಾಗೆ ಬಾಗಿದ ಸಹಿ. ಆ ಗಾಜಿನ ಮೇಲೆ ಮಾತ್ರ ಯಾರೋ ತುಂಬ ಹೊತ್ತು ಒರಗಿ ನೋಡಿದ ಉಸಿರಿನ ಮಬ್ಬು ಒಣಗಿ ಕಲೆಯಾಗಿ ಉಳಿದಿತ್ತು.

ಕಾವಲಿನವನ ಪ್ರಾಣ ಬಾಯಿಗೆ ಬಂದಿತ್ತು.

"ನೀನ್ಯಾಕೆ ಬಾಗಿಲು ತೆಗೆದೆ?"

"ಕಂಪನಿಯೋರು ಜಾಹೀರಾತಿಗೆ ಕರೆಸಿರೋ ನಟಿ ಅಂದ್ಕೊಂಡೆ ಸಾರ್. ಅಷ್ಟು ಗತ್ತಲ್ಲಿ ಬಂದ್ರು. ಜನ ಎಲ್ಲಾ ದಾರಿ ಬಿಟ್ಟು ಚಪ್ಪಾಳೆ ಹೊಡೀತಿದ್ರು."

"ನೀನೂ ಹೊಡೆದ್ಯಾ?"

"...ಒಂದೆರಡು ಸಲ ಸಾರ್."

"ಮುಖ ಹೇಗಿತ್ತು?"

"ಬಗ್ಗಿ ಸಲಾಮು ಮಾಡ್ತಿದ್ದೆ ಸಾರ್, ನೋಡ್ಲಿಲ್ಲ."

ಇನ್ಸ್‌ಪೆಕ್ಟರು ಹಲ್ಲು ಕಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಮಂದಿಯನ್ನು ಅವರು ಕಂಡಿದ್ದರು. ಕೊಳ್ಳೆ ಹೊಡೆದವರಿಗೆ ಬಾಗಿಲು ತೆರೆದು ಬಗ್ಗಿದವನನ್ನು ಇದೇ ಮೊದಲು ಕಂಡದ್ದು.

ಕ್ಯಾಮೆರಾಗಳಿಗೇನೂ ಕೊರತೆಯಿರಲಿಲ್ಲ. ಮೂಲೆ ಮೂಲೆಯಲ್ಲೂ ಇದ್ದವು. ಆದರೆ ದೃಶ್ಯಗಳನ್ನು ಹಾಕಿಸಿ ನೋಡಿದರೆ ಒಂದರಲ್ಲೂ ಮುಖವಿಲ್ಲ. ಬಂದಾಗಲೂ ಬೆನ್ನು, ಕೋಟು ತೊಟ್ಟಾಗಲೂ ಬೆನ್ನು, ಹೊರಟಾಗಲೂ ಬೆನ್ನು. ಎಲ್ಲಿ ಕ್ಯಾಮೆರಾ ಇದೆಯೋ ಅಲ್ಲಿಗೆ ಸರಿಯಾಗಿ, ಹೂವು ಸೂರ್ಯನಿಗೆ ತಿರುಗಿದಷ್ಟು ಸಹಜವಾಗಿ, ಆಕೆ ಬೆನ್ನು ಕೊಟ್ಟಿದ್ದಳು.

"ಪಳಗಿದ ಕೈ. ಒಳಗಿನೋರೇ ಕ್ಯಾಮೆರಾ ಜಾಗ ತೋರಿಸಿಕೊಟ್ಟಿದ್ದಾರೆ," ಎಂದು ಇನ್ಸ್‌ಪೆಕ್ಟರು ಮ್ಯಾನೇಜರನ್ನು ಓರೆಗಣ್ಣಿನಿಂದ ನೋಡಿದರು. ಅವನ ಬಣ್ಣ ಇಳಿಯಿತು.

ಟಾಕೀಸು ಮಾತ್ರ ಪರದೆಯಿಂದ ಕಣ್ಣು ಕಿತ್ತಿರಲಿಲ್ಲ. "ಸಾರ್, ಬೈಬೇಡಿ. ಇದು ಮಿಂಚೂನೇ."

"ಏನಂದೆ?"

"ಈ ನಡಿಗೆ ನನಗೆ ಗೊತ್ತು ಸಾರ್. ಈ ಬೆನ್ನು ನೋಡಿ ಎಷ್ಟು ಸಲ ಅತ್ತಿದ್ದೀನೋ ಲೆಕ್ಕ ಇಲ್ಲ. ಮಿಂಚೂನೇ."

"ಸತ್ತೋಳು ಎದ್ದು ಬಂದು ತನ್ನ ಕೋಟು ತಾನೇ ತಗೊಂಡು ಹೋದ್ಲು ಅಂತ ಬರೀಲಾ? ಎಸ್ಪಿ ಸಾಹೇಬ್ರು ನನ್ನ ಯಾವ ಆಸ್ಪತ್ರೆಗೆ ಕಳಿಸ್ತಾರೆ ಗೊತ್ತಾ?"

ಬೈದರೂ ತಲೆಯೊಳಗೆ ಮುಳ್ಳು ಮುರಿದು ಕೂತಿತ್ತು. ಠಾಣೆಗೆ ಮರಳಿದ ಮೇಲೆ ಟಾಕೀಸುವಿನ ಫೋನಿನಲ್ಲಿ ಆ ಹಳೆಯ ದೃಶ್ಯ ಹಾಕಿಸಿ, ಕ್ಯಾಮೆರಾದ ದೃಶ್ಯದ ಪಕ್ಕದಲ್ಲಿ ಇಟ್ಟು ನೋಡಿದರು. ಮೊದಲು ಎಡಗಾಲು. ಎಡ ಭುಜ ಕೂದಲೆಳೆಯಷ್ಟು ಕೆಳಗೆ. ಬಲಗೈ ಬೆರಳು ಅರ್ಧ ಮಡಚಿ, ಮಗುವಿನ ಕೈ ಹಿಡಿದ ಹಾಗೆ. ಒಂದರಲ್ಲಿ ಮೊಣಕಾಲಿಗೆ ವಯಸ್ಸಾಗಿತ್ತು. ಅಷ್ಟೇ ವ್ಯತ್ಯಾಸ.

ಇನ್ಸ್‌ಪೆಕ್ಟರು ಎದ್ದು ಕಿಟಕಿಯ ಹತ್ತಿರ ನಿಂತರು. ಹಳ್ಳಿ ಶಾಲೆಯ ಮೇಷ್ಟ್ರು ಅವರಿಗೆ ಕಲಿಸಿದ ಲೆಕ್ಕ ಒಂದೇ: ಈ ಕಡೆ, ಆ ಕಡೆ ಸಮ ಇದ್ದರೆ ಎರಡೂ ಒಂದೇ. ಎರಡೂ ನಡಿಗೆ ಒಬ್ಬಳದೇ. ಇಲ್ಲಿ ನಡೆದವಳು ಮಿಂಚು ಅಲ್ಲ. ಹಾಗಾದರೆ ಅಲ್ಲಿ ನಡೆದವಳು?

"ಟಾಕೀಸು, ಸಿನಿಮಾದಲ್ಲಿ ಬೆನ್ನು ತೋರಿಸಬೇಕಾದ್ರೆ ನಿಜವಾಗ್ಲೂ ಅವರೇ ನಡೀತಾರಾ?"

ಟಾಕೀಸುವಿನ ಮುಖ ಸಣ್ಣದಾಯಿತು. ದೇವರಿಲ್ಲ ಎಂದು ಅರ್ಚಕನಿಗೆ ಹೇಳಿದ ಹಾಗಾಗಿತ್ತು. "ಡೂಪು ಇರ್ತಾರೆ ಸಾರ್. ದೂರದ ಶಾಟಿಗೆ, ಬೀಳೋದಕ್ಕೆ, ಕುದುರೆಗೆ... ಆದ್ರೆ ಅದು? ಆ ಸೀನು?"

ಬುಧವಾರ ಬೆಳಿಗ್ಗೆ ಸಹಕಲಾವಿದರ ಸಂಘದ ಕಚೇರಿಗೆ ಹೋದರು. ಕಾರ್ಯದರ್ಶಿ ಫ್ಯಾನಿನ ಕೆಳಗೆ ಕೂತು ಹಲ್ಲು ಕೆದಕುತ್ತಿದ್ದ.

"ಮಿಂಚುಗೆ ಡೂಪು ಯಾರಿದ್ರು?"

"ಡೂಪಿನ ಹೆಸರು ಯಾರು ಇಟ್ಕೋತಾರೆ ಸಾರ್? ನೆರಳಿಗೆ ರೇಷನ್ ಕಾರ್ಡ್ ಕೇಳಿದ ಹಾಗಾಯ್ತು." ಆಮೇಲೆ ತಾನೇ ನಕ್ಕ. "ಇರಿ. ನಮ್ಮ ಬೆನ್ನಕ್ಕ ಇದ್ದಾಳಲ್ಲ!"

"ಯಾರು?"

"ಬೆನ್ನಕ್ಕ. ತೆರೆ ಮೇಲೆ ಬರೀ ಬೆನ್ನೇ ಬಂದಿದ್ದು, ಅದಕ್ಕೇ ಆ ಹೆಸರು. ರೈಲ್ವೆ ಸ್ಟೇಷನ್ ಹಿಂದಿನ ಬೀದೀಲಿ ಡ್ರೈಕ್ಲೀನಿಂಗ್ ಅಂಗಡಿ ಮೇಲಿನ ಕೋಣೆ. ಹೋದ ತಿಂಗಳು ಇಲ್ಲಿಗೆ ಬಂದು ಜಗಳ ಆಡಿದ್ಲು. ಹರಾಜಿನ ಚೀಟೀಲಿ ಅವಳ ಹೆಸರು ಹಾಕಿಸಬೇಕಂತೆ! ನಕ್ಕು ಕಳಿಸಿದ್ವಿ."

ಡ್ರೈಕ್ಲೀನಿಂಗ್ ಅಂಗಡಿಯ ಆವಿ ಮೆಟ್ಟಿಲುದ್ದಕ್ಕೂ ಹಬ್ಬಿತ್ತು. ಇನ್ಸ್‌ಪೆಕ್ಟರು, ಟಾಕೀಸು, ಮಹಿಳಾ ಪೇದೆ ಮೂವರೂ ಹತ್ತಿದರು. ಬಾಗಿಲು ತೆರೆದೇ ಇತ್ತು. ಎಪ್ಪತ್ತರ ಹೆಂಗಸು, ತೆಳ್ಳಗೆ, ನೆಟ್ಟಗೆ, ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಕೋಟು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು, ಇಸ್ತ್ರಿಯಾಗಿ.

"ಬನ್ನಿ. ನಿನ್ನೇನೇ ಬರ್ತೀರಿ ಅಂದ್ಕೊಂಡೆ," ಎಂದಳು, ತಿರುಗದೆಯೇ. ಆಮೇಲೆ ತನಗೇ ನೆನಪಾದಂತೆ ತಿರುಗಿದಳು. ಆ ಮುಖದಲ್ಲಿ ಮಿಂಚುವಿನ ಹೋಲಿಕೆ ಎಳ್ಳಷ್ಟೂ ಇರಲಿಲ್ಲ.

"ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಹೇಳಿಕೊಟ್ಟೋರು ಯಾರು?"

"ಯಾರೂ ಇಲ್ಲಪ್ಪ. ಕ್ಯಾಮೆರಾ ಇದ್ರೆ ನನ್ನ ಕತ್ತಿಗೇ ಗೊತ್ತಾಗುತ್ತೆ. ಮುಖ ಕಂಡ್ರೆ ಶಾಟು ಹಾಳು. ಒಂದು ಸಲ ಮೂಗಿನ ತುದಿ ಬಂತು ಅಂತ ಇಡೀ ದಿನದ ಕೂಲಿ ಹಿಡಿದಿದ್ರು."

"ಯಾಕೆ ಕದ್ರಿ?"

"ಕದಿಯೋಕೆ ಹೋಗಿರ್ಲಿಲ್ಲ. ನೋಡೋಕೆ ಹೋದೆ. ಮೊದಲು ಅವರ ಫೋಟೋಗಳ ಮುಂದೆ ನಿಂತೆ. ನನಗೂ ಅವರಿಗೂ ಒಂದೇ ಅಳತೆ, ಒಂದೇ ಬಟ್ಟೆ. ಅವರು ಹೋದಾಗ ನನ್ನ ಅರ್ಧ ಮೈ ಮಣ್ಣಿಗೆ ಹೋದ ಹಾಗಾಯ್ತು, ಆದ್ರೆ ಒಬ್ಬರೂ ನನ್ನ ಮಾತಾಡಿಸೋಕೆ ಬರ್ಲಿಲ್ಲ. ಯಾಕೆ ಬರ್ತಾರೆ? ಆಮೇಲೆ ಕೋಟು ನೋಡಿದೆ. ಒಂದು ಸಲ ಹಾಕ್ಕೊಳ್ಳೋಣ ಅನ್ನಿಸ್ತು. ಹಾಕ್ಕೊಂಡೆ. ಜನ ದಾರಿ ಬಿಟ್ರು. ದಾರಿ ಬಿಟ್ಟ ಮೇಲೆ ನಡೀಬೇಕಲ್ಲ, ನಡೆದೆ. ಕಟ್ ಅಂತ ಯಾರೂ ಅನ್ನಲಿಲ್ಲ."

ಟಾಕೀಸು ಗೋಡೆ ಕಡೆ ಮುಖ ಮಾಡಿ ಮೂಗು ಒರೆಸಿಕೊಂಡ. ಇನ್ಸ್‌ಪೆಕ್ಟರಿಗೆ ರೇಗಿತು. ಯಾರ ಮೇಲೆ ಎಂದು ಅವರಿಗೇ ತಿಳಿಯಲಿಲ್ಲ. "ಪಂಚರನ್ನ ಕರಿ. ಜಪ್ತಿ ಮಹಜರು ಬರೀ," ಎಂದು ಅವನ ಮೇಲೆ ಹಾಯ್ದರು.

ಮಧ್ಯಾಹ್ನ ಠಾಣೆಯಲ್ಲಿ ಕೋಟು ಗುರುತಿಸಲು ಮಗನನ್ನು ಕರೆಸಿದರು. ಮೇಜಿನ ಮೇಲಿದ್ದ ಬೂದು ಬಟ್ಟೆಯನ್ನು ನೋಡಿದ ಕೂಡಲೇ ಅವನ ಉಸಿರು ಸಡಿಲಾಯಿತು. ಎದುರಿನ ಬೆಂಚಿನ ಮೇಲೆ ಬೆನ್ನಕ್ಕ ಕೂತಿದ್ದಳು. ಇನ್ಸ್‌ಪೆಕ್ಟರು ಆಕೆಯ ಹೇಳಿಕೆ ಬರೆಯುತ್ತಿದ್ದರು.

"ಬರ್ಕೊಳ್ಳಿ," ಎಂದಳು ಆಕೆ. "ಕೊನೆಯ ದೃಶ್ಯದಲ್ಲಿ ನಡೆದೋಳು ನಾನು."

"ಸುಳ್ಳು," ಎಂದ ಮಗ. "ಅಮ್ಮ ನಡೆದದ್ದು."

"ಇಲ್ಲಪ್ಪ. ಅವತ್ತು ಅವರು ಇರಲೇ ಇಲ್ಲ."

"ಸುಳ್ಳು ಅಂದ್ನಲ್ಲ! ಆ ಕೈ ನೋಡಿದ್ದೀಯಾ? ಅದು ನನ್ನ..."

ಬೆನ್ನಕ್ಕ ತನ್ನ ಬಲಗೈಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಉಗುರುಗಳು ಬುಡದವರೆಗೂ ಸವೆದಿದ್ದವು. "ಆಗಲೂ ನನ್ನ ಕೋಣೆ ಕೆಳಗಿನ ಅಂಗಡೀಲೇ ಬಟ್ಟೆ ಒಗೀತಿದ್ದೆ. ಸೋಡಾಪುಡೀಲಿ ಉಗುರು ಹೀಗೇ ಇರ್ತಿತ್ತು. ಅವರದು ಉದ್ದುದ್ದ, ಬಣ್ಣ ಹಚ್ಚಿದ್ದು. 'ಉಗುರು ಕಾಣಬಾರದು, ಬೆರಳು ಮಡಚ್ಕೊ' ಅಂದ್ರು ಡೈರೆಕ್ಟ್ರು. ಮಡಚ್ಕೊಂಡೆ."

ಠಾಣೆಯಲ್ಲಿ ಟೈಪ್ ಮಾಡುತ್ತಿದ್ದ ರೈಟರು ಕೂಡ ಕೈ ನಿಲ್ಲಿಸಿದ. ಇನ್ಸ್‌ಪೆಕ್ಟರು ತಲೆಯೆತ್ತಲಿಲ್ಲ. ಆಕೆ ಹೇಳಿದ್ದು ನಿಜ ಎಂದು ಅವರಿಗೆ ಗೊತ್ತಿತ್ತು, ಮಗನಿಗೂ ಗೊತ್ತಾಗಿಹೋಗಿತ್ತು.

ಅವನು ಕುರ್ಚಿ ಎಳೆದುಕೊಂಡು ಇನ್ಸ್‌ಪೆಕ್ಟರ ಹತ್ತಿರ ಬಾಗಿದ. ನಿನ್ನೆ ಕೂಗಾಡಿದವನ ದನಿ ಅದಾಗಿರಲಿಲ್ಲ. "ಸಾರ್, ನಾನು ದೂರು ವಾಪಸ್ ತಗೋತೀನಿ. ಕೋಟು ಬೇಕಾದ್ರೆ ಇವರೇ ಇಟ್ಕೊಳ್ಳಲಿ. ಆ ಒಂದು ಸಾಲು ಬರೀಬೇಡಿ."

ಇನ್ಸ್‌ಪೆಕ್ಟರು ಪೆನ್ನು ಹಿಡಿದು ಕೂತರು. ಹಾವೂ ಸಾಯದ, ಕೋಲೂ ಮುರಿಯದ ದಾರಿ ಎದುರಿಗೇ ಬಂದು ನಿಂತಿತ್ತು. ಮುದುಕಿಗೆ ಜೈಲು ತಪ್ಪುತ್ತಿತ್ತು, ಇವನಿಗೆ ಅಮ್ಮ ಉಳಿಯುತ್ತಿದ್ದಳು. ಅವರು ಆಕೆಯ ಕಡೆ ನೋಡಿದರು. "ಏನಂತೀರಮ್ಮ? ಮನೆಗೆ ಹೋಗಬಹುದು. ಕೋಟೂ ನಿಮ್ಮದೇ."

"ಕೋಟು ತಗೊಂಡು ಏನು ಮಾಡ್ಲಿ? ಹೊದ್ದು ಮಲಗ್ಲಾ?" ಎಂದಳು ಬೆನ್ನಕ್ಕ. ಮಗನ ಕಡೆ ತಿರುಗಿ ದನಿ ಮೆತ್ತಗೆ ಮಾಡಿದಳು. "ಕೋಪ ಮಾಡ್ಕೋಬೇಡ ಮಗಾ. ನಿನಗೆ ಅವರ ನೂರು ಫೋಟೋ ಇದೆ, ಸಹಿ ಇದೆ. ನನಗೆ ಇರೋದು ಆ ನಾಲ್ಕು ಹೆಜ್ಜೆ. ಅದನ್ನೂ ಕೊಟ್ಟುಬಿಟ್ರೆ ನಾನು ಹುಟ್ಟಿದ್ದಕ್ಕೆ ಸಾಕ್ಷಿ ಏನು?" ಇನ್ಸ್‌ಪೆಕ್ಟರಿಗೆ ಹೇಳಿದಳು: "ಒಳಗೆ ಹಾಕಿ ಸ್ವಾಮಿ. ಆದ್ರೆ ಬರೀರಿ."

ಇನ್ಸ್‌ಪೆಕ್ಟರು ಬರೆದರು. ಅಕ್ಷರ ದುಂಡಗೆ, ಒಂದೂ ಬಿಡದಂತೆ ಬರೆದು, ಗಟ್ಟಿಯಾಗಿ ಓದಿ ಹೇಳಿದರು. ಆಕೆ ಕಣ್ಣು ಮುಚ್ಚಿ ಕೇಳಿಸಿಕೊಂಡಳು. 'ನಡೆದವಳು ನಾನು' ಎಂಬಲ್ಲಿ "ಇನ್ನೊಂದು ಸಲ" ಎಂದಳು. ಅವರು ಇನ್ನೊಂದು ಸಲ ಓದಿದರು. ಆಕೆ ಸಹಿ ಹಾಕಿದಳು, ನಿಧಾನವಾಗಿ, ಸಹಿ ಹಾಕಿ ಅಭ್ಯಾಸವಿಲ್ಲದ ಕೈಯಿಂದ. ಮಹಿಳಾ ಪೇದೆಯ ಎದುರಿಗೆ ಬಂಧನದ ಕಾಗದ ಪೂರ್ತಿಯಾಯಿತು. ಅದರಲ್ಲಿ ಬೆನ್ನಕ್ಕನ ನಿಜವಾದ ಹೆಸರು ಬರೆದಾಗ ಟಾಕೀಸು ಅದನ್ನು ಬಾಯೊಳಗೇ ಹೇಳಿಕೊಂಡ.

"ಅವತ್ತು ಅಮ್ಮ ಎಲ್ಲಿಗೆ ಹೋಗಿದ್ಲು?" ಎಂದು ಮಗ ಇದ್ದಕ್ಕಿದ್ದಂತೆ ಕೇಳಿದ.

ಬೆನ್ನಕ್ಕ ಅವನನ್ನು ನೋಡಿದಳು. ಒಂದು ಸುಳ್ಳು ಅವಳ ನಾಲಿಗೆಯ ತುದಿಗೆ ಬಂದದ್ದನ್ನು ಇನ್ಸ್‌ಪೆಕ್ಟರು ಕಂಡರು. ಹೇಳಿಬಿಡಲಿ ಎಂದೂ ಅವರಿಗೆ ಅನ್ನಿಸಿತು. ಸುಳ್ಳು ಹೇಳಿದವರನ್ನು ಗದರಿಸಿಯೇ ಬದುಕು ಕಳೆದ ಮನುಷ್ಯನಿಗೆ ಹಾಗೆ ಅನ್ನಿಸಿದ್ದು ಅದೇ ಮೊದಲು.

"ಗೊತ್ತಿಲ್ಲಪ್ಪ," ಎಂದಳು ಆಕೆ ಕೊನೆಗೆ. "ಬೆಳಿಗ್ಗೆ ಕಾರು ಹತ್ತಿ ಹೋದ್ರು. ಡೂಪಿಗೆ ಯಾರು ಹೇಳ್ತಾರೆ?"

"ನನ್ನ ಹತ್ತಿರ ಬರ್ಲಿಲ್ಲ. ಅಷ್ಟು ಗೊತ್ತು," ಎಂದ ಮಗ. ಎದ್ದ. ಅಂಗಿಯ ಮಡಿಕೆ ಸರಿಮಾಡಿಕೊಂಡ. ಹೊರಗೆ ನಡೆದ.

"ರೀ, ಗುರುತಿಸಿದ್ದಕ್ಕೆ ಸಹಿ ಆಗಬೇಕು!" ಎಂದು ಇನ್ಸ್‌ಪೆಕ್ಟರು ಕೂಗಿದರು. ಟಾಕೀಸು ಹಿಂದೆಯೇ ಓಡಿದ. ಸ್ವಲ್ಪ ಹೊತ್ತಿಗೆ ಒಬ್ಬನೇ ಬಂದ. "ಹೋದ್ರು ಸಾರ್. ಕಾರು ಇಲ್ಲೇ ಬಿಟ್ಟು ನಡ್ಕೊಂಡೇ ಹೋದ್ರು. ಎಷ್ಟು ಕೂಗಿದ್ರೂ ನಿಲ್ಲಲಿಲ್ಲ."

ಸಂಜೆ ಯಾರೋ ಡ್ರೈವರು ಬಂದು ಕಾರು ತೆಗೆದುಕೊಂಡು ಹೋದ. ಬೆನ್ನಕ್ಕನಿಗೆ ಮಾರನೆಯ ದಿನ ಜಾಮೀನಾಯಿತು. ಡ್ರೈಕ್ಲೀನಿಂಗ್ ಅಂಗಡಿಯವನೇ ಹೊಣೆ ನಿಂತ. ಹರಾಜಿನಲ್ಲಿ ಸಹಿಯ ಫೋಟೋಗಳೆಲ್ಲ ಒಳ್ಳೆಯ ಬೆಲೆಗೆ ಹೋದವು ಎಂದು ಟಾಕೀಸು ಸುದ್ದಿ ತಂದ. ಮುದ್ದೇಮಾಲಾಗಿ ಠಾಣೆಯಲ್ಲೇ ಉಳಿದ ಕೋಟನ್ನು ಬಿಡಿಸಿಕೊಳ್ಳುವಂತೆ ಇನ್ಸ್‌ಪೆಕ್ಟರು ಮಗನಿಗೆ ನೋಟೀಸು ಕಳಿಸಿದರು, ಫೋನು ಮಾಡಿಸಿದರು, ಒಮ್ಮೆ ತಾವೇ ಅವನ ಮನೆಯ ಬಾಗಿಲು ತಟ್ಟಿಯೂ ಬಂದರು. ಅವನು ಬರಲಿಲ್ಲ.